ಸಂಜೆ ಐದರ ಕ್ಲಾಸು

ನಮ್ಮ ಕಾಲೇಜಿನ ಮ್ಯಾಗಜೀನ್ ಕೈಗೆತ್ತಿಕೊಂಡರೆ ಮೊದಲು ಕಾಣುವುದು ರ‍್ಯಾಂಕ್ ಬಂದವರ ಫೋಟೋ. ಆಮೇಲೆ ಕ್ಯಾಂಪಸ್‌ನಲ್ಲಿ ಸೆಲೆಕ್ಟ್ ಆದವರದ್ದು. ಇರಲಿ, ಕಷ್ಟಪಟ್ಟು ಓದಿದವರು. ಆದರೆ ಕಾರಿಡಾರಿನಲ್ಲಿ ಓಡಾಡುವವರಲ್ಲಿ ಬ್ಯಾಕ್, ಅಂದರೆ ಫೇಲಾಗಿ ಬಾಕಿ ಉಳಿದ ಸಬ್ಜೆಕ್ಟು, ಇಟ್ಟುಕೊಂಡವರೇನು ಕಡಿಮೆ ಇದ್ದರಾ? ಈ ಸಲ ನೆನಪುಗಳನ್ನು ಬರೆದುಕೊಡಿ ಅಂತ ಸಂಪಾದಕ ಸಮಿತಿಯವರು ಕೇಳಿದಾಗ, "ನಾನು ಆ ಗುಂಪಿನವನು, ಪರವಾಗಿಲ್ವಾ?" ಅಂದೆ. "ಅದಕ್ಕೇ ಕೇಳ್ತಿರೋದು ಸರ್" ಅಂದರು. ಹುಡುಗರು ಚುರುಕಾಗಿದ್ದಾರೆ.

ನಾನು 2007ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಸೇರಿದವನು. ಅರಕಲಗೂಡು ತಾಲ್ಲೂಕಿನ ಹಳ್ಳಿ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿಯನ್ನು ಉರು ಹೊಡೆದು ಹೇಗೋ ದಾಟಿದ್ದೆ. ಇಲ್ಲಿ ಆ ಆಟ ನಡೆಯಲಿಲ್ಲ. ಮೊದಲ ವರ್ಷ ಮುಗಿದಾಗ ನಾಲ್ಕು ಬ್ಯಾಕ್: ಎಂ-1, ಎಂ-2 (ಎರಡೂ ಗಣಿತ), ಬೇಸಿಕ್ ಎಲೆಕ್ಟ್ರಿಕಲ್, ಸಿಎಇಡಿ (ಕಂಪ್ಯೂಟರಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್). ನಾಲ್ಕು ಅಂದರೆ ಗಡಿ. ಇನ್ನೊಂದು ಹೋಗಿದ್ದರೆ ಅಲ್ಲೇ ಇಯರ್ ಬ್ಯಾಕ್, ಒಂದು ವರ್ಷ ಮನೆಯಲ್ಲಿ ಕೂರಬೇಕಿತ್ತು. ನಾಲ್ಕಿದ್ದರೆ ಎರಡನೇ ವರ್ಷಕ್ಕೆ ಬಿಡುತ್ತಾರೆ. ಆದರೆ ಮೂರನೇ ವರ್ಷಕ್ಕೆ ಕಾಲಿಡಬೇಕಾದರೆ ಮೊದಲ ವರ್ಷದ್ದು ಒಂದೂ ಬಾಕಿ ಇರಬಾರದು. ಹಾಗೆ ಬಾಕಿ ಉಳಿದು ಅಲ್ಲೇ ನಿಲ್ಲುವುದನ್ನು ಹುಡುಗರು ಕ್ರಿಟಿಕಲ್ ಅನ್ನುತ್ತಿದ್ದರು, ಐಸಿಯುನಲ್ಲಿರುವವರ ಬಗ್ಗೆ ಹೇಳುವ ಹಾಗೆ.

ಕಾಲೇಜಿನಿಂದ ಮನೆಗೆ ಒಂದು ಕಾಗದ ಹೋಯಿತು. ಇಂಗ್ಲಿಷಿನಲ್ಲಿತ್ತು. ಅಪ್ಪ ಅದನ್ನು ಗೊಬ್ಬರದ ಅಂಗಡಿಯವರ ಹತ್ತಿರ ಓದಿಸಿದರು. ಅಲ್ಲಿಗೆ ಊರಿಗೆಲ್ಲ ಗೊತ್ತಾಯಿತು. ಅಪ್ಪ ಬೈಯಲಿಲ್ಲ. "ಫೀಸು ಇನ್ನೊಂದ್ಸಲ ಕಟ್ಬೇಕಾ?" ಅಂತ ಮಾತ್ರ ಕೇಳಿದರು. ಆ ವರ್ಷ ನಮ್ಮ ಕಡೆ ಆಲೂಗಡ್ಡೆಗೆ ಅಂಗಮಾರಿ ಬಿದ್ದಿತ್ತು.

ಕಾಲೇಜಿನವರು ಏನೂ ಮಾಡಲಿಲ್ಲ ಅಂತಲ್ಲ. ಬ್ಯಾಕ್ ಇದ್ದವರನ್ನೆಲ್ಲ ಸೆಮಿನಾರ್ ಹಾಲ್‌ನಲ್ಲಿ ಕೂರಿಸಿ ಹೊರಗಿನಿಂದ ಒಬ್ಬರನ್ನು ಕರೆಸಿ ಭಾಷಣ ಮಾಡಿಸಿದರು. ಅವರು ಹದ್ದಿನ ಕಥೆ ಹೇಳಿದರು. ಮುದಿಯಾದ ಹದ್ದು ತನ್ನ ಕೊಕ್ಕನ್ನು ತಾನೇ ಬಂಡೆಗೆ ಕುಟ್ಟಿ ಉದುರಿಸಿಕೊಂಡು ಹೊಸ ಜನ್ಮ ಪಡೆಯುತ್ತದಂತೆ. ನಾವು ಚಪ್ಪಾಳೆ ಹೊಡೆದೆವು. ಎಂ-2ರ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಇದ್ದಲ್ಲೇ ಇತ್ತು.

ಸಂಜೆ ಐದರ ಕ್ಲಾಸು ಶುರು ಮಾಡಿದ್ದು ನಮ್ಮ ಮ್ಯಾಥ್ಸ್ ಸರ್. ಹೆಸರು ಹಾಕಬೇಡ ಅಂತ ಮೊನ್ನೆ ಫೋನಿನಲ್ಲಿ ಹೇಳಿದ್ದಾರೆ, ಹಾಕುತ್ತಿಲ್ಲ. ಓದಿದವರಿಗೆ ಗೊತ್ತಾಗುತ್ತದೆ ಬಿಡಿ. ನೋಟಿಸ್ ಬೋರ್ಡಿಗೆ ಅವರು ಏನೂ ಹಾಕಲಿಲ್ಲ. ಬ್ಯಾಕ್ ಇದ್ದವರ ಪಟ್ಟಿ ಓದಲಿಲ್ಲ. "ಐದಕ್ಕೆ ಮೇಲಿನ ಮಹಡಿ ಕೊನೇ ರೂಮಲ್ಲಿ ಇರ್ತೀನಿ, ಬರೋರು ಬರ್ಲಿ" ಅಂತ ಕ್ಲಾಸಿನಲ್ಲಿ ಒಂದು ಮಾತು ಹೇಳಿ ಹೋದರು. ಡಿಸ್ಟಿಂಕ್ಷನ್ ಬರುವ ಒಂದಿಬ್ಬರೂ ಬಂದಿದ್ದರು. ಅದರಿಂದ ನಮಗೆ ಆದ ಉಪಕಾರ ಅವರಿಗೇ ಗೊತ್ತಿರಲಿಕ್ಕಿಲ್ಲ. ಆ ರೂಮಿಗೆ ಹೋಗುವವರೆಲ್ಲ ಫೇಲಾದವರು ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಮೊದಲ ದಿನ ಸರ್ ಪಾಠ ಮಾಡಲೇ ಇಲ್ಲ. ಎಲ್ಲರಿಗೂ ಮಾರ್ಕ್ಸ್ ಕಾರ್ಡ್ ತರಲು ಹೇಳಿದ್ದರು. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು. ಈಗಿನ ಸ್ಕೀಮಿನವರಿಗೆ ಇಂಟರ್ನಲ್ಸ್ (ಕಾಲೇಜಿನಲ್ಲೇ ಕೊಡುವ ಅಂಕ) 50, ವಿಶ್ವವಿದ್ಯಾಲಯದ ಪರೀಕ್ಷೆ 50. ನಮ್ಮದು 2006ರ ಸ್ಕೀಮು. ಇಂಟರ್ನಲ್ಸ್ 25, ಪರೀಕ್ಷೆ 100. ಪರೀಕ್ಷೆಯಲ್ಲಿ ಕನಿಷ್ಠ 35 ಬರಬೇಕು, ಎರಡೂ ಸೇರಿ 50 ಆಗಬೇಕು. ಇಷ್ಟು ಎಲ್ಲರಿಗೂ ಗೊತ್ತಿತ್ತು. ಆದರೆ ಯಾರೂ ಕೂಡಿಸಿ ನೋಡಿರಲಿಲ್ಲ. ಎಂ-1ರಲ್ಲಿ ನನ್ನ ಐಎ, ಅಂದರೆ ಇಂಟರ್ನಲ್ಸ್, 9. "ಮೂವತ್ತೈದು ತೆಗೆದ್ರೆ ಪಾಸಾ?" ಅಂತ ಸರ್ ಕೇಳಿದರು. ಹೌದು ಸರ್ ಅಂದೆ. "ಒಂಬತ್ತು ಮೂವತ್ತೈದು ಎಷ್ಟಪ್ಪಾ? ನಲವತ್ನಾಲ್ಕು. ಫೇಲೇ. ನಿಂಗೆ ನಲವತ್ತೊಂದು ಬೇಕು." ಬ್ಲೂ ಬುಕ್ಕಿನಲ್ಲಿ, ಅಂದರೆ ಇಂಟರ್ನಲ್ ಟೆಸ್ಟುಗಳಲ್ಲಿ, ಆಟ ಆಡಿದ್ದಕ್ಕೆ ಆರು ಅಂಕದ ದಂಡ. ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಐಎ 17 ಇತ್ತು, ಪರೀಕ್ಷೆಯಲ್ಲಿ 29 ಬಂದಿತ್ತು. ಅಲ್ಲಿ ಬೇಕಾಗಿದ್ದು ಇನ್ನು ಆರೇ ಅಂಕ.

ಸರ್ ಕಾಗದದ ಮೇಲೆ ಎರಡು ಗೆರೆ ಎಳೆದರು. ಡಿಸೆಂಬರ್-ಜನವರಿ ಪರೀಕ್ಷೆಗೆ ಎಲೆಕ್ಟ್ರಿಕಲ್ ಮತ್ತು ಸಿಎಇಡಿ. ಜೂನ್-ಜುಲೈಗೆ ಎಂ-1, ಎಂ-2. ಈ ಮಧ್ಯೆ ಮೂರು, ನಾಲ್ಕನೇ ಸೆಮಿಸ್ಟರಿನ ಸಬ್ಜೆಕ್ಟುಗಳೂ ಇವೆ, ಅಲ್ಲಿ ಹೊಸ ಬ್ಯಾಕ್ ಬೀಳಬಾರದು. "ನಾಲ್ಕಕ್ಕೂ ಒಟ್ಟಿಗೆ ಓದ್ತೀನಿ ಅಂತ ಹೊರಟ್ರೆ ಥರ್ಡ್ ಸೆಮ್ಮೂ ಹೋಗುತ್ತೆ" ಅಂದರು. ಅಲ್ಲಿಯವರೆಗೆ ನಾಲ್ಕು ಬ್ಯಾಕ್ ಅನ್ನುವುದು ನನಗೆ ರಾತ್ರಿ ನಿದ್ದೆಗೆಡಿಸುವ ಒಂದೇ ಒಂದು ದೊಡ್ಡ ಭಯವಾಗಿತ್ತು. ಅವತ್ತು ಅದು ಆರು ಅಂಕ, ನಲವತ್ತೊಂದು ಅಂಕ, ಜನವರಿ, ಜುಲೈ ಅಂತ ಬಿಡಿ ಬಿಡಿಯಾಯಿತು. ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಂಡು ಇಷ್ಟು ಹೊತ್ತು ಯಾರೂ ನನ್ನ ಜೊತೆ ಕೂತಿರಲಿಲ್ಲ. ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಪ್ರಾಕ್ಟರ್ ಮೇಷ್ಟ್ರ ಮೀಟಿಂಗ್ ಇತ್ತು, ಅಲ್ಲಿ ಡೈರಿಗೆ ಸಹಿ ಹಾಕಿಸಿಕೊಂಡು ಬರುತ್ತಿದ್ದೆವು ಅಷ್ಟೆ.

ಪಾಠದ ವಿಷಯಕ್ಕೆ ಬಂದರೆ ಒಂದು ಸಂಜೆಯನ್ನು ಹೇಳಲೇಬೇಕು. ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೇ ಸೆಮ್‌ಗೆ ಬಂದ ಹುಡುಗರು ನಮ್ಮ ಜೊತೆ ಇದ್ದರು. ಅವರಿಗೆ ಗಣಿತದ ಕಾಟ ಡಬ್ಬಲ್. ನಮ್ಮ ಎಂ-3 ಬರೆಯಬೇಕು, ಅದರ ಜೊತೆಗೆ ಡಿಪ್ಲೊಮಾದವರಿಗೇ ಇದ್ದ ಗಣಿತದ ಪೇಪರು ಮ್ಯಾಟ್‌ಡಿಪ್ ಬೇರೆ. ಅದರ ಅಂಕ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸಿನ ಲೆಕ್ಕಕ್ಕಿಲ್ಲ, ಆದರೆ ಪಾಸಾಗದೆ ಡಿಗ್ರಿ ಇಲ್ಲ. ಅವರಲ್ಲೊಬ್ಬ ನ್ಯೂಟನ್-ರ‍್ಯಾಫ್ಸನ್ ಲೆಕ್ಕ ಮಾಡುತ್ತಿದ್ದ. ಅಂದರೆ ಒಂದು ಅಂದಾಜಿನಿಂದ ಶುರು ಮಾಡಿ ಸ್ಟೆಪ್ ಸ್ಟೆಪ್ಪಾಗಿ ಉತ್ತರದ ಹತ್ತಿರ ಹೋಗುವ ವಿಧಾನ. ಸಮೀಕರಣ ಎಕ್ಸ್ ಇಂಟು ಇ ಪವರ್ ಎಕ್ಸ್ ಈಕ್ವಲ್ಸ್ ಕಾಸ್ ಎಕ್ಸ್. ಉತ್ತರ 0.5177 ಬರಬೇಕು. ಅವನಿಗೆ 0.5671 ಬರುತ್ತಿತ್ತು. ಮತ್ತೆ ಮಾಡಿದ, ಅದೇ. ಕೊನೆಯ ಎರಡು ಸ್ಟೆಪ್ಪಿನಲ್ಲಿ ಉತ್ತರ ಕದಲದೆ ನಿಂತಿತ್ತು, ಅಂದರೆ ಸರಿ ಇರಲೇಬೇಕು ಅಂತ ಅವನ ವಾದ. ಸರ್ ಅವನ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ಫಾರ್ಮುಲಾ ಸರಿ. ಡಿಫರೆನ್ಸಿಯೇಷನ್ ಸರಿ. ಒಂದು ಚಿಹ್ನೆಯೂ ತಪ್ಪಿಲ್ಲ. ಆಮೇಲೆ ಕೈ ಚಾಚಿ ಅವನ ಕ್ಯಾಲ್ಕುಲೇಟರ್ ತೆಗೆದುಕೊಂಡರು. ಎಲ್ಲರ ಹತ್ತಿರವೂ ಇರುತ್ತಿದ್ದ ಕ್ಯಾಸಿಯೊ 991 ಎಂಎಸ್. ಪರದೆಯ ಮೇಲ್ತುದಿಯಲ್ಲಿ ಪುಟ್ಟ 'ಡಿ' ಅಕ್ಷರ ಇತ್ತು.

ಡಿಗ್ರಿ ಮೋಡ್. ಈ ಲೆಕ್ಕಕ್ಕೆ ಬೇಕಾದದ್ದು ರೇಡಿಯನ್ ಮೋಡ್, ಅದು ಕೋನ ಅಳೆಯುವ ಬೇರೊಂದು ಮಾಪನ. ಅರ್ಧ ಡಿಗ್ರಿಯ ಕಾಸ್ ಅಂದರೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅವನು ಬಿಡಿಸುತ್ತಿದ್ದದ್ದು ಪುಸ್ತಕದ ಸಮೀಕರಣವನ್ನೇ ಅಲ್ಲ, ಬೇರೊಂದನ್ನು. ಅದನ್ನು ಸರಿಯಾಗಿಯೇ ಬಿಡಿಸಿದ್ದ! "ಮೋಡ್ ನಾಲ್ಕು ಸಲ ಒತ್ತು, ಎರಡು ಒತ್ತು" ಅಂದರು ಸರ್. 'ಆರ್' ಬಂತು. ಐದು ನಿಮಿಷದಲ್ಲಿ 0.5177.

ಅವನ ತಪ್ಪೂ ಸುಮ್ನೆ ಆದದ್ದಲ್ಲ. ಅದಕ್ಕೆ ಮೊದಲು ಅದೇ ಪೇಪರಿನ ಫೋರಿಯರ್ ಸೀರೀಸ್‌ನಲ್ಲಿ ಹಾರ್ಮಾನಿಕ್ ಅನಾಲಿಸಿಸ್ ಮಾಡಿದ್ದ. ಅಲ್ಲಿ ಟೇಬಲ್ಲು 60 ಡಿಗ್ರಿ, 120 ಡಿಗ್ರಿ ಅಂತ ಇರುತ್ತದೆ, ಮೋಡ್ ಡಿಗ್ರಿಯಲ್ಲೇ ಇರಬೇಕು. ಒಂದೇ ಪರೀಕ್ಷೆಯೊಳಗೆ ಮೋಡ್ ಬದಲಾಯಿಸಬೇಕು ಅಂತ ಯಾವ ಪುಸ್ತಕ ಹೇಳುತ್ತದೆ? ಸರ್ ಅವತ್ತಿನಿಂದ ಕ್ಲಾಸು ಶುರುವಾಗುವ ಮೊದಲು ಎಲ್ಲರ ಕ್ಯಾಲ್ಕುಲೇಟರ್ ಮೇಜಿನ ಮೇಲೆ ಇಡಿಸಿ 'ಡಿ'ನಾ 'ಆರ್'ಆ ಅಂತ ಕೇಳುತ್ತಿದ್ದರು. ಈಗ ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಹೊಸ ಟ್ರೈನಿ ಬಂದು ಉತ್ತರ ಹೊಂದುತ್ತಿಲ್ಲ ಅಂದರೆ ನಾನು ಮೊದಲು ನೋಡುವುದು ಅವನು ಯಾವುದರಲ್ಲಿ ಅಳೆದ ಅಂತ, ಹೇಗೆ ಅಳೆದ ಅಂತ ಆಮೇಲೆ.

ಆ ಡಿಪ್ಲೊಮಾ ಹುಡುಗರಿಗೆ ನಾವೇ ಹೇಳಿಕೊಡುತ್ತಿದ್ದೆವು ಅಂತ ಅಂದುಕೊಳ್ಳಬೇಡಿ. ಸಿಎಇಡಿ ನನಗೆ ಕಬ್ಬಿಣದ ಕಡಲೆ. ಷಡ್ಭುಜ ಪಿರಮಿಡ್ ಹೀಗೆ ವಾಲಿದೆ, ಮೇಲಿನಿಂದ ಹೇಗೆ ಕಾಣುತ್ತದೆ ಬರಿ ಅಂದರೆ ನನ್ನ ತಲೆಯೊಳಗೆ ಏನೂ ಕಾಣುತ್ತಿರಲಿಲ್ಲ. ನ್ಯೂಟನ್-ರ‍್ಯಾಫ್ಸನ್‌ನಲ್ಲಿ ಒದ್ದಾಡಿದ ಅದೇ ಹುಡುಗ ಹಾಸ್ಟೆಲ್ ಮೆಸ್ಸಿನಿಂದ ದೊಡ್ಡ ಆಲೂಗಡ್ಡೆ ತಂದ. ಬ್ಲೇಡಿನಲ್ಲಿ ಆರು ಮುಖದ ಪಿರಮಿಡ್ ಕೆತ್ತಿದ. ಅಂಚುಗಳಿಗೆ ಎ, ಬಿ, ಸಿ ಅಂತ ಪೆನ್ನಿನಲ್ಲಿ ಬರೆದ. ಮೇಜಿನ ಮೇಲೆ ಒಂದು ಅಂಚಿನ ಮೇಲೆ ವಾಲಿಸಿ ಹಿಡಿದು, "ಈಗ ಎದ್ದು ನಿಂತ್ಕೊಂಡು ಮೇಲಿಂದ ನೋಡು. ಯಾವ ಗೆರೆ ಕಾಣಲ್ಲ?" ಅಂದ. ಕೆಳಗಡೆ ಹೋದ ಅಂಚು ಕಾಣಲಿಲ್ಲ. "ಅದನ್ನ ಡಾಟೆಡ್ ಹಾಕು." ಅಷ್ಟೇ. ಇಡೀ ಸೆಮಿಸ್ಟರ್ ಕಂಪ್ಯೂಟರ್ ಮುಂದೆ ಕೂತು ಸಾಲಿಡ್ ಎಡ್ಜ್‌ನಲ್ಲಿ ಗೆರೆ ಎಳೆದಾಗ ಆಗದಿದ್ದು ಆ ಆಲೂಗಡ್ಡೆಯಿಂದ ಆಯಿತು. ಅಪ್ಪನಿಗೆ ಹೇಳಿದರೆ ನಕ್ಕರು, "ಅದಾದ್ರೂ ಉಪಯೋಗಕ್ಕೆ ಬಂತಲ್ಲ" ಅಂದರು. ಸರ್ ಇದನ್ನೆಲ್ಲ ನೋಡಿಕೊಂಡು ಮೂಲೆಯಲ್ಲಿ ಪೇಪರ್ ತಿದ್ದುತ್ತಾ ಇರುತ್ತಿದ್ದರು. ಎಷ್ಟೋ ಸಂಜೆ ಅವರು ಬಾಯಿ ಬಿಡುತ್ತಲೇ ಇರಲಿಲ್ಲ. ಆದರೆ ಅವರು ಬರದ ದಿನ ನಾವೂ ಬೇಗ ಎದ್ದು ಹೋಗುತ್ತಿದ್ದೆವು.

ಕನ್ನಡದಲ್ಲೇ ಮಾತಾಡಿ ಅಂತ ಅಲ್ಲಿ ಯಾರೂ ಹೇಳಲಿಲ್ಲ, ತಾನಾಗಿಯೇ ಹಾಗಾಯಿತು. ಬರೆಯುವುದು ಇಂಗ್ಲಿಷ್, ಜಗಳ ಆಡುವುದು ಕನ್ನಡ. ಬೆಳಗಿನ ಕ್ಲಾಸಿನಲ್ಲಿ ಡೌಟ್ ಕೇಳಬೇಕಾದರೆ ಮೊದಲು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಳ್ಳಬೇಕಿತ್ತು. ಜೋಡಿಸುವಷ್ಟರಲ್ಲಿ ಬೋರ್ಡ್ ಅಳಿಸಿರುತ್ತಿದ್ದರು.

ಈಗ ಬೇಸರದ ವಿಷಯ. ಕಾಲೇಜ್ ಬಸ್ಸುಗಳು ಐದೂಕಾಲಿಗೆ ಹೊರಡುತ್ತಿದ್ದವು. ಹಳ್ಳಿಗಳಿಂದ ದಿನಾ ಓಡಾಡುವವರಿಗೆ ಅದು ತಪ್ಪಿದರೆ ಬಸ್ ಸ್ಟ್ಯಾಂಡಿಗೆ ಹೋಗಿ ಸರ್ಕಾರಿ ಬಸ್ ಹಿಡಿದು, ಕೈಮರದಲ್ಲಿ ಇಳಿದು, ಕತ್ತಲಲ್ಲಿ ನಡೆಯಬೇಕು. ಹಾಗಾಗಿ ಸಂಜೆಯ ಕ್ಲಾಸು ಹಾಸ್ಟೆಲ್‌ನವರದ್ದೂ ರೂಮ್ ಮಾಡಿಕೊಂಡವರದ್ದೂ ಆಗಿಹೋಯಿತು. ಅರಸೀಕೆರೆ ಕಡೆಯಿಂದ ಬರುವ ಒಬ್ಬ ಹುಡುಗಿ ಮಾತ್ರ ಬಿಡದೆ ಬರುತ್ತಿದ್ದಳು, ಹತ್ತು ನಿಮಿಷಕ್ಕೆ. ಡೌಟುಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಬರುವಳು. ಸರ್ ಆ ಹತ್ತು ನಿಮಿಷ ಬೇರೆ ಯಾರ ಕಡೆಗೂ ತಿರುಗುತ್ತಿರಲಿಲ್ಲ. "ಕೂತ್ಕೊಳಮ್ಮ, ಮೊದಲು ನಿಂದು" ಅಂದು ಚೀಟಿ ಇಸಿದುಕೊಳ್ಳುವರು. ಆಮೇಲೆ ಅವಳು ಬ್ಯಾಗ್ ಎತ್ತಿಕೊಂಡು ಮೆಟ್ಟಿಲು ಇಳಿದು ಓಡುವ ಸದ್ದು ನಮಗೆ ಕೇಳುತ್ತಿತ್ತು. ಒಂದು ಬಸ್ಸನ್ನಾದರೂ ತಡವಾಗಿ ಬಿಡಿ ಅಂತ ಸರ್ ಆಫೀಸಿಗೆ ಬರೆದು ಕೊಟ್ಟಿದ್ದರಂತೆ. ಡೀಸೆಲ್ ಖರ್ಚು, ಡ್ರೈವರ್ ಓಟಿ ಅಂತ ಆಗಲಿಲ್ಲ. ಕ್ಲಾಸನ್ನು ಮಧ್ಯಾಹ್ನ ಇಟ್ಟುಕೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಮಧ್ಯಾಹ್ನ ಲ್ಯಾಬ್ ಇರುತ್ತಿತ್ತು. 85 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಆ ತೊಂದರೆ ಬೇರೆ.

ಎಲ್ಲರೂ ಪಾಸಾದರು ಅಂತ ಬರೆದರೆ ಸುಳ್ಳಾಗುತ್ತದೆ. ನನ್ನದು ಎಲೆಕ್ಟ್ರಿಕಲ್, ಸಿಎಇಡಿ ಜನವರಿಯಲ್ಲಿ ಪಾಸಾದವು. ಎಂ-1, ಎಂ-2 2009ರ ಜೂನ್-ಜುಲೈ ಪರೀಕ್ಷೆಯಲ್ಲಿ. ರಿಸಲ್ಟ್ ಬಂದ ದಿನ ನಮ್ಮ ವಿಶ್ವವಿದ್ಯಾಲಯ ವಿಟಿಯುನ ವೆಬ್‌ಸೈಟ್ ತೆರೆಯುತ್ತಲೇ ಇರಲಿಲ್ಲ, ಸೈಬರ್ ಸೆಂಟರಿನವನು ಗಂಟೆ ಲೆಕ್ಕದಲ್ಲಿ ದುಡ್ಡು ಮಾಡಿಕೊಂಡ. ಎಂ-1ರಲ್ಲಿ 43 ಬಂದಿತ್ತು. 35ಕ್ಕೆ ಓದಿದ್ದರೆ ಕ್ರಿಟಿಕಲ್ ಆಗುತ್ತಿದ್ದೆ. ನನ್ನ ರೂಮ್‌ಮೇಟ್ ಅದೇ ಕ್ಲಾಸಿಗೆ ನನಗಿಂತ ಜಾಸ್ತಿ ಬಂದವನು. ಅವನದು ಒಂದು ಸಬ್ಜೆಕ್ಟು ಉಳಿಯಿತು, ಕ್ರಿಟಿಕಲ್ ಆಯಿತು. ರಿವ್ಯಾಲ್ಯುಯೇಷನ್‌ಗೆ ಹಾಕಿದ, ಬದಲಾಗಲಿಲ್ಲ. ಸರ್ ಅವನ ಮನೆಗೆ ಹೋಗಿ ಮಾತಾಡಿ ಬಂದರು, ಒಂದು ವರ್ಷ ಏನೂ ಅಲ್ಲ ಅಂದರು. ಅವನು ವಾಪಸ್ ಬರಲಿಲ್ಲ. ಈಗ ಊರಲ್ಲಿ ಎರಡು ಜೆಸಿಬಿ ಇಟ್ಟಿದ್ದಾನೆ, ನನಗಿಂತ ಚೆನ್ನಾಗಿ ದುಡಿಯುತ್ತಾನೆ. ಆದರೆ ಕಾಲೇಜಿನ ಗೇಟ್ ಮುಂದೆ ಹೋಗುವಾಗ ಗಾಡಿ ನಿಲ್ಲಿಸುವುದಿಲ್ಲ ಅನ್ನುತ್ತಾನೆ. ಅವನಿಗೆ ಇನ್ನೂ ಏನು ಮಾಡಬಹುದಿತ್ತು ಅಂತ ಸರ್ ಮೊನ್ನೆಯೂ ಫೋನಿನಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚೀಟಿ ಹಿಡಿದು ಬರುತ್ತಿದ್ದ ಹುಡುಗಿ ಎಲ್ಲ ಪಾಸ್ ಮಾಡಿದಳು, ಈಗ ಪಾಲಿಟೆಕ್ನಿಕ್ ಒಂದರಲ್ಲಿ ಲೆಕ್ಚರರ್.

ಹೋದ ವರ್ಷ ಕಾಲೇಜಿಗೆ ಹೋಗಿದ್ದೆ. ಈಗ ರೆಮಿಡಿಯಲ್ ಕ್ಲಾಸಿಗೆ ಟೈಮ್‌ಟೇಬಲ್ ಇದೆ, ಹಾಜರಿ ಪುಸ್ತಕ ಇದೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬಂದಾಗ ತೋರಿಸಲು ಫೋಟೋ ತೆಗೆದು ಫೈಲ್ ಮಾಡುತ್ತಾರೆ. ಫೈಲ್ ಇರುವುದು ತಪ್ಪಲ್ಲ. ಸರ್ ನಿವೃತ್ತರಾದ ಮೇಲೆ ಎರಡು ವರ್ಷ ಆ ರೂಮಿಗೆ ಬೀಗ ಬಿದ್ದಿತ್ತಂತೆ, ಫೈಲ್ ಇದ್ದಿದ್ದರೆ ಬೀಳುತ್ತಿರಲಿಲ್ಲವೇನೋ. ಆದರೆ ಆ ಕ್ಲಾಸಿನಿಂದ ಹೊರಗೆ ಬಂದ ಒಬ್ಬ ಹುಡುಗನನ್ನು ನಿಲ್ಲಿಸಿ, ನಿನಗೆ ಪಾಸಾಗಲು ಎಷ್ಟು ಅಂಕ ಬೇಕು ಅಂತ ಕೇಳಿದೆ. ಹದಿನೆಂಟು ಸರ್ ಅಂದ. ನಿನ್ನ ಇಂಟರ್ನಲ್ಸ್ ಎಷ್ಟು ಅಂದೆ. ನೋಡ್ಬೇಕು ಸರ್ ಅಂದ. ಅಲ್ಲೇ ಮೆಟ್ಟಿಲ ಮೇಲೆ ಕೂತು ಇಬ್ಬರೂ ಕೂಡಿಸಿದೆವು.

ಹಳೆಯ ವಿದ್ಯಾರ್ಥಿ ಸಂಘದವರು ಈಗ ಕಾಲೇಜಿಗೆ ಕಮಾನು ಕಟ್ಟಿಸಲು ಹಣ ಸೇರಿಸುತ್ತಿದ್ದಾರೆ. ನಾನೂ ಕೊಡುತ್ತೇನೆ. ಜೊತೆಗೆ ಒಂದು ಅರ್ಜಿಯನ್ನೂ ಕೊಟ್ಟಿದ್ದೇನೆ. ಅರಸೀಕೆರೆ ಕಡೆಗೆ ಒಂದು ಬಸ್ಸನ್ನು ಆರೂಮುಕ್ಕಾಲಿಗೆ ಬಿಡಿ, ಪರೀಕ್ಷೆಗೆ ಮೊದಲಿನ ಎರಡು ತಿಂಗಳಾದರೂ ಬಿಡಿ, ಡೀಸೆಲ್‌ಗೆ ನಮ್ಮ ಬ್ಯಾಚಿನವರು ಸೇರಿ ಕೊಡುತ್ತೇವೆ ಅಂತ. ಪರಿಶೀಲನೆಯಲ್ಲಿದೆ ಅಂದಿದ್ದಾರೆ. ಸಂಪಾದಕ ಸಮಿತಿಯವರು ಈ ಪ್ಯಾರಾ ತೆಗೆಯದಿದ್ದರೆ ಆಫೀಸಿನವರೂ ಓದುತ್ತಾರೆ. ಈ ಬಸ್ಸಿನ ವಿಷಯಕ್ಕೆ ಸಂಘದ ಗ್ರೂಪಿನಲ್ಲಿ ನನಗೇ ಮೆಸೇಜ್ ಹಾಕಬಹುದು.