ಬಳ್ಳಾರಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಯೋಕೆ ಎಲ್ಲಿಗೆ ಹೋಗಲಿ?

"ಅಣ್ಣಾ, ಎಲೆಕ್ಟ್ರಿಕ್ ಗಿಟಾರ್ ಕಲೀಬೇಕು, ಯಾವ ಕ್ಲಾಸಿಗೆ ಸೇರಲಿ?" ನಾನು ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತೇನೆ ಅಂತ ಗೊತ್ತಿರುವ ಕಾಲೇಜು ಹುಡುಗರು ಹೀಗೆ ಕೇಳುತ್ತಲೇ ಇರುತ್ತಾರೆ. ಮಕ್ಕಳನ್ನು ಸೇರಿಸಬೇಕು ಅಂತಿರುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಬಳ್ಳಾರಿಯಲ್ಲಿ ಒಳ್ಳೆ ಮೇಷ್ಟ್ರು ಸಿಗ್ತಾರಾ, ಇಲ್ಲಾ ಸುಮ್ನೆ ಯೂಟ್ಯೂಬ್ ನೋಡಿಕೊಂಡು ಕಲಿಯೋದಾ, ಮೊದಲು ಅಕೂಸ್ಟಿಕ್ (ಕರೆಂಟು ಬೇಡದ ಮಾಮೂಲಿ ಗಿಟಾರ್) ಕಲೀಲೇಬೇಕಾ ಅಂತ ಅದಕ್ಕೆ ಇನ್ನಷ್ಟು ಸೇರುತ್ತದೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ಕ್ಲಾಸಿನ ಬೋರ್ಡು ಎಷ್ಟು ದೊಡ್ಡದಿದೆ ಅಂತ ನೋಡಬೇಡಿ. ನಿಮ್ಮ ಕೈಯಿಂದ ಬರುವ ಬೇಡದ ಸದ್ದನ್ನು ಕಿವಿಗೊಟ್ಟು ಕೇಳುವ ಮೇಷ್ಟ್ರನ್ನು ಹುಡುಕಿ.

ಯಾಕೆ ಅಂದರೆ, ಅಕೂಸ್ಟಿಕ್ ಗಿಟಾರಿನ ಸದ್ದು ಮರದ ಪೆಟ್ಟಿಗೆಯಿಂದ ಬಂದು ಬೇಗ ಆರಿಹೋಗುತ್ತದೆ. ಎಲೆಕ್ಟ್ರಿಕ್‌ನಲ್ಲಿ ತಂತಿಗಳ ಕೆಳಗೆ ಪಿಕಪ್ ಇರುತ್ತದೆ. ಅಂದರೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಕೂದಲೆಳೆಯಂಥ ತಾಮ್ರದ ತಂತಿ. ಉಕ್ಕಿನ ತಂತಿ ಅದರ ಮೇಲೆ ಅದುರಿದಾಗ ಆ ಸುರುಳಿಯಲ್ಲಿ ಚೂರು ಕರೆಂಟು ಹುಟ್ಟುತ್ತದೆ, ಅದನ್ನು ಆಂಪ್ (ಆಂಪ್ಲಿಫೈಯರ್) ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ನೀವು ಬೇಕಂತ ಮೀಟಿದ ತಂತಿ ಯಾವುದು, ಬೆರಳು ತಗುಲಿ ಅದುರಿದ್ದು ಯಾವುದು ಅನ್ನೋದು ಆಂಪಿಗೆ ಗೊತ್ತಾಗಲ್ಲ. ಡಿಸ್ಟಾರ್ಷನ್ (ಸದ್ದನ್ನು ಒರಟಾಗಿ ಗರಗರ ಅನಿಸುವ ಎಫೆಕ್ಟ್) ಹಾಕಿದರಂತೂ ಸಣ್ಣ ಸದ್ದೂ ಮೇಲೆದ್ದು ದೊಡ್ಡ ಸದ್ದಿನ ಪಕ್ಕ ಬಂದು ನಿಲ್ಲುತ್ತದೆ. ಹಾಗಾಗಿ ಒಂದು ತಂತಿ ನುಡಿಸುವಾಗ ಉಳಿದ ಐದನ್ನು ಸುಮ್ಮನಿರಿಸುವುದೇ ಈ ವಾದ್ಯದ ಅರ್ಧ ವಿದ್ಯೆ. ಬಲ ಅಂಗೈಯ ಅಂಚು ಬ್ರಿಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ದಪ್ಪ ತಂತಿಗಳ ಮೇಲೆ ಕೂತಿರಬೇಕು, ಎಡಗೈ ತೋರುಬೆರಳಿನ ಒಳಮೈ ಕೆಳಗಿನ ಸಣ್ಣ ತಂತಿಗಳಿಗೆ ಒತ್ತದೆ, ಬರೀ ತಾಗಿಕೊಂಡಿರಬೇಕು. ವಿಡಿಯೋದಲ್ಲಿ ಇದನ್ನು ಚೆನ್ನಾಗಿಯೇ ತೋರಿಸುತ್ತಾರೆ. ಆದರೆ ನಿಮ್ಮ ಕೈ ಎಲ್ಲಿ ತಪ್ಪುತ್ತಿದೆ ಅಂತ ವಿಡಿಯೋ ಹೇಳಲ್ಲ, ಅಲ್ವಾ? ಮೊದಲ ಕೆಲವು ತಿಂಗಳಾದರೂ ಎದುರಿಗೆ ಕೂತು ಕೇಳುವ ಒಬ್ಬರು ಬೇಕು ಅನ್ನುವುದು ಇದಕ್ಕೇ.

ನಮ್ಮ ಭಾಗದಲ್ಲಿ ಹಾರ್ಮೋನಿಯಂ, ತಬಲಾ ಕಲಿಸುವವರಿಗೆ ಬರವಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ಶಿಷ್ಯರು, ಆ ಶಿಷ್ಯರ ಶಿಷ್ಯರು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯೆಲ್ಲಾ ಇದ್ದಾರೆ. ಗಿಟಾರಿನ ಮಾತು ಬೇರೆ. ಇಲ್ಲಿ ಗಿಟಾರ್ ಹೇಳಿಕೊಡುವ ಬಹಳ ಮಂದಿ ಚರ್ಚಿನ ಹಾಡುಗಾರಿಕೆಯಿಂದಲೋ ಆರ್ಕೆಸ್ಟ್ರಾದಿಂದಲೋ ಬಂದವರು, ಕೀಬೋರ್ಡ್ ಮತ್ತು ಅಕೂಸ್ಟಿಕ್ ಎರಡನ್ನೂ ಒಂದೇ ಕೋಣೆಯಲ್ಲಿ ಕಲಿಸುತ್ತಾರೆ. ಅವರನ್ನು "ಬರೀ ಸಿನಿಮಾ ಹಾಡು ಹೇಳ್ಕೊಡ್ತಾರೆ" ಅಂತ ತಳ್ಳಿಹಾಕಬೇಡಿ. ಹಾಡುವವರು ಸ್ಟೇಜಿನ ಮೇಲೆ ನಿಂತು "ಶ್ರುತಿ ಒಂದು ಮನೆ ಇಳಿಸ್ರಿ" ಅಂದ ತಕ್ಷಣ ಇಡೀ ಹಾಡನ್ನು ಇಳಿಸಿ ನುಡಿಸುವ ಕಿವಿ ಅವರದು. ಆ ಕಿವಿ ಯಾವ ಸರ್ಟಿಫಿಕೇಟಿನಿಂದಲೂ ಬರಲ್ಲ. ಅವರಿಗೆ ನೀವು ಕೇಳಬೇಕಾದ್ದು ಒಂದೇ: "ಸರ್, ನಾನು ನನ್ನ ಎಲೆಕ್ಟ್ರಿಕ್ಕೇ ತರ್ತೀನಿ, ಇಲ್ಲಿ ಆಂಪಿಗೆ ಹಾಕಿ ನುಡಿಸಬಹುದಾ?" ಹೂಂ ಅಂದರೆ ಒಂದು ಟ್ರಯಲ್ ಕ್ಲಾಸಿಗೆ ಹೋಗಿ. ಪ್ಲಗ್ಗೇ ಹಾಕದೆ ಎಲೆಕ್ಟ್ರಿಕ್ ಕಲಿಸುತ್ತೀವಿ ಅನ್ನುವ ಕಡೆ ಬೇಡ.

ಟ್ರಯಲ್ ಕ್ಲಾಸಿನಲ್ಲಿ ಏನು ನೋಡಬೇಕು? ಮೊದಲು, ಟ್ಯೂನಿಂಗ್, ಅಂದರೆ ತಂತಿಗಳ ಶ್ರುತಿ ಹೊಂದಿಸುವುದು. ಮೇಷ್ಟ್ರು ನಿಮ್ಮ ಗಿಟಾರ್ ಇಸಿದುಕೊಂಡು ತಾವೇ ಟ್ಯೂನ್ ಮಾಡಿ ವಾಪಸ್ ಕೊಟ್ಟರಾ, ಅಥವಾ ನಿಮ್ಮ ಕೈಯಲ್ಲೇ ಮಾಡಿಸಿದರಾ? ದಪ್ಪ ತಂತಿಯಿಂದ ಸಣ್ಣದರವರೆಗೆ ಸ್ವರಗಳು ಇ, ಎ, ಡಿ, ಜಿ, ಬಿ, ಇ. ಇದನ್ನು ಮೊದಲ ದಿನವೇ ಮಾಡಿಸುವವರು ಮನೆಯಲ್ಲಿ ನೀವೊಬ್ಬರೇ ಕೂತಾಗಿನ ಬಗ್ಗೆಯೂ ಯೋಚಿಸುತ್ತಿದ್ದಾರೆ ಅಂತ ಅರ್ಥ. ಆಮೇಲೆ ಯಾರು ಜಾಸ್ತಿ ನುಡಿಸಿದರು ಅಂತ ಗಮನಿಸಿ. ಅರ್ಧ ಗಂಟೆ ಅವರೇ ವೇಗವಾಗಿ ನುಡಿಸಿ ತೋರಿಸಿದರೆ ನಿಮಗೆ ಖುಷಿಯಾಗಬಹುದು, ಆದರೆ ಕಲಿತದ್ದೇನೂ ಇರಲ್ಲ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. "ಬೆಂಡ್ ಹೇಗೆ ಹೇಳ್ಕೊಡ್ತೀರಿ ಸರ್?" ಅಂತ ಕೇಳಿ. ಬೆಂಡ್ ಅಂದರೆ ತಂತಿಯನ್ನು ಒತ್ತಿಕೊಂಡೇ ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದು, ಹಾಡುವವರು ಮೀಂಡ್‌ನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹಾಗೆ. ಒಳ್ಳೆ ಮೇಷ್ಟ್ರು ಹೀಗೆ ಮಾಡಿಸುತ್ತಾರೆ: ಸಣ್ಣ ತಂತಿಯಿಂದ ಎಣಿಸಿದರೆ ಮೂರನೆಯದು, ಅದರ ಒಂಬತ್ತನೇ ಫ್ರೆಟ್ (ಗಿಟಾರಿನ ಕುತ್ತಿಗೆ ಮೇಲೆ ಲೋಹದ ಪಟ್ಟಿಗಳ ನಡುವಿನ ಮನೆ) ಒಮ್ಮೆ ನುಡಿಸಿ, ಆ ಸ್ವರ ಕಿವಿಯಲ್ಲಿ ಇಟ್ಟುಕೊಳ್ಳಿ. ಈಗ ಏಳನೇ ಫ್ರೆಟ್ ಮೇಲೆ ಉಂಗುರದ ಬೆರಳು, ಅದರ ಹಿಂದೆ ಮಧ್ಯದ ಬೆರಳು ಮತ್ತು ತೋರುಬೆರಳು ಆಸರೆಗೆ. ಮೂರೂ ಸೇರಿ ತಂತಿ ತಳ್ಳಬೇಕು, ಶಕ್ತಿ ಬೆರಳಿನಿಂದ ಬರದೆ ಮಣಿಕಟ್ಟು ತಿರುಗುವುದರಿಂದ ಬರಬೇಕು, ತಂತಿ ಏರಿ ಏರಿ ಆಗ ಕೇಳಿದ ಸ್ವರಕ್ಕೇ ಮುಟ್ಟಿ ನಿಲ್ಲಬೇಕು. ಚೂರು ಕಡಿಮೆಯಾದರೂ ಬೇಸುರ. ಮೇಷ್ಟ್ರು ಅಲ್ಲಿ ನಿಲ್ಲಿಸಿ "ಇನ್ನೂ ಸ್ವಲ್ಪ, ಕೇಳು, ಇನ್ನೂ ಸ್ವಲ್ಪ" ಅಂದರೆ ಅಲ್ಲೇ ಸೇರಿಬಿಡಿ. "ಸುಮ್ನೆ ಮೇಲಕ್ಕೆ ಎಳಿ" ಅಂದು ಮುಂದಕ್ಕೆ ಹೋದರೆ ಇನ್ನೊಂದು ಕಡೆ ನೋಡಿ. ಸಾಧ್ಯವಾದರೆ ಅಲ್ಲಿ ಆರು ತಿಂಗಳಿಂದ ಬರುತ್ತಿರುವ ವಿದ್ಯಾರ್ಥಿ ಒಂದು ಹಾಡನ್ನು ಮೊದಲಿಂದ ಕೊನೆವರೆಗೆ ತಾಳ ತಪ್ಪದೆ ನುಡಿಸುವುದನ್ನೂ ಕೇಳಿ.

ಮೊದಲು ಅಕೂಸ್ಟಿಕ್ ಕಲೀಲೇಬೇಕಾ? ಬೇಡ. ಎಲೆಕ್ಟ್ರಿಕ್‌ಗೆ ಸಾಮಾನ್ಯವಾಗಿ 9 ಅಥವಾ 10 ನಂಬರಿನ ತಂತಿ ಹಾಕುತ್ತಾರೆ, ಅಂದರೆ ತೀರಾ ಸಣ್ಣ ತಂತಿಯ ದಪ್ಪ ಇಂಚಿನಲ್ಲಿ 0.009 ಅಥವಾ 0.010. ಅಕೂಸ್ಟಿಕ್‌ಗೆ ಹೆಚ್ಚಾಗಿ 12 ಇರುತ್ತದೆ. ಹೊಸ ಬೆರಳಿಗೆ ಎಲೆಕ್ಟ್ರಿಕ್ಕೇ ಸಲೀಸು. ನಿಮಗೆ ಇಷ್ಟವಾದ ಸದ್ದು ಎಲೆಕ್ಟ್ರಿಕ್‌ನದ್ದಾದರೆ ಅದರಲ್ಲೇ ಶುರು ಮಾಡಿ, ಇಷ್ಟದ ಸದ್ದು ಕೇಳಿದರೆ ತಾನೇ ದಿನಾ ಕೂರೋಕೆ ಮನಸ್ಸಾಗೋದು.

ಬ್ಯಾಚ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಒಂದೇ ಕೋಣೆಯಲ್ಲಿ ಆರೇಳು ಮಕ್ಕಳು, ಎರಡು ಕೀಬೋರ್ಡು, ಮೂಲೆಯಲ್ಲಿ ನಿಮ್ಮ ಆಂಪ್: ಬೇಡದ ತಂತಿಗಳನ್ನು ನೀವು ಸುಮ್ಮನಿರಿಸಿದ್ದೀರಾ (ಮ್ಯೂಟಿಂಗ್) ಅನ್ನೋದು ಯಾರಿಗೂ ಕೇಳಲ್ಲ, ನಿಮಗೂ ಕೇಳಲ್ಲ. ಒಂದು ಗಂಟೆ ಬ್ಯಾಚ್‌ಗಿಂತ ಅರ್ಧ ಗಂಟೆ ಒಬ್ಬರೇ ಕೂರುವುದು ಮೇಲು. ಫೀಸು ಜಾಸ್ತಿ ಆಯಿತು ಅನಿಸಿದರೆ ವಾರಕ್ಕೆ ಎರಡರ ಬದಲು ಒಂದೇ ಕ್ಲಾಸ್ ಮಾಡಿಕೊಳ್ಳಿ. ಉಳಿದ ದಿನಗಳಿಗೆ ಆನ್‌ಲೈನ್ ಇದೆ. ಜಸ್ಟಿನ್ ಸ್ಯಾಂಡರ್ಕೋ ಅವರ ಜಸ್ಟಿನ್‌ಗಿಟಾರ್ ವೆಬ್‌ಸೈಟಿನಲ್ಲಿ ಹೊಸಬರಿಗೆ ಕ್ರಮವಾಗಿ ಜೋಡಿಸಿದ ಪಾಠಗಳು ಉಚಿತವಾಗಿವೆ, ಇಂಗ್ಲಿಷ್ ಸ್ವಲ್ಪ ಅರ್ಥವಾದರೆ ಸಾಕು. ಬೆಂಗಳೂರಿನ ಮೇಷ್ಟ್ರ ಹತ್ತಿರ ಝೂಮ್‌ನಲ್ಲಿ ಕಲಿಯುವುದಾದರೆ ಎರಡು ವಿಷಯ ಗೊತ್ತಿರಲಿ. ಸದ್ದು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸೋಕಾಗಲ್ಲ. ಜೊತೆಗೆ ಝೂಮ್ ನಿಮ್ಮ ಗಿಟಾರನ್ನೇ ಗದ್ದಲ ಅಂದುಕೊಂಡು ಕತ್ತರಿಸುತ್ತದೆ, ಆಡಿಯೋ ಸೆಟ್ಟಿಂಗ್‌ನಲ್ಲಿ "ಒರಿಜಿನಲ್ ಸೌಂಡ್" ಆನ್ ಮಾಡಿಕೊಳ್ಳಬೇಕು. ಇದನ್ನು ಮಾಡದೆ "ಆನ್‌ಲೈನ್ ಕ್ಲಾಸ್ ಸರಿಯಿಲ್ಲ" ಅಂತ ಬಿಟ್ಟವರು ಎಷ್ಟೋ ಜನ.

ಮನೆಗೆ 10 ವಾಟಿನ, ಹೆಡ್‌ಫೋನ್ ಕನೆಕ್ಷನ್ ಇರುವ ಆಂಪ್ ಸಾಕು. ಮೂರು ಪಿನ್ನಿನ, ಅರ್ಥಿಂಗ್ ಸರಿ ಇರುವ ಪಾಯಿಂಟಿಗೇ ಹಾಕಿ. ಎಷ್ಟೋ ಹಳೇ ಮನೆಗಳಲ್ಲಿ ಅರ್ಥಿಂಗ್ ಇರಲ್ಲ, ತಂತಿ ಮುಟ್ಟಿದಾಗ ಕೈ ಜುಮ್ ಅಂದರೆ ತಕ್ಷಣ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನ ಕರೆಸಿ, ಇದರಲ್ಲಿ ಉದಾಸೀನ ಬೇಡವೇ ಬೇಡ. ಕರೆಂಟು ಹೋದಾಗ ಪ್ಲಗ್ ಇಲ್ಲದೆಯೂ ಬೆರಳಿನ ಅಭ್ಯಾಸ ಮಾಡಬಹುದು, ಆದರೆ ಬೇಡದ ತಂತಿ ಅದುರಿದ್ದು ಆಗ ಕೇಳಲ್ಲ. ಚಾರ್ಜ್ ಆಗುವ ಪುಟ್ಟ ಹೆಡ್‌ಫೋನ್ ಆಂಪ್ ಒಂದಿದ್ದರೆ ಆ ಚಿಂತೆಯೂ ಇಲ್ಲ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಕೈ ಬೆವರಿ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿ.

ಗ್ರೇಡ್ ಪರೀಕ್ಷೆ ಬೇಕಾ ಅಂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ಸಂಗೀತ ಪರೀಕ್ಷೆ ನಡೆಸುವ ಟ್ರಿನಿಟಿ, ರಾಕ್‌ಸ್ಕೂಲ್ ಸಂಸ್ಥೆಗಳೆರಡರಲ್ಲೂ ಗಿಟಾರಿಗೆ 8ನೇ ಗ್ರೇಡ್‌ವರೆಗೆ ಇದೆ, ಗುರಿ ಇದ್ದರೆ ಓದುವ ಮಕ್ಕಳಿಗೆ ಒಳ್ಳೆಯದೇ. ಆದರೆ ಮೊದಲ ವರ್ಷ ಬೇಡ. ಪರೀಕ್ಷೆಯ ಮೂರು ಹಾಡನ್ನೇ ವರ್ಷವಿಡೀ ತಿದ್ದಿ ತೀಡಿ, ನಾಲ್ಕನೇ ಹಾಡು ನುಡಿಸೋಕೆ ಬಾರದ ಮಕ್ಕಳನ್ನು ನೋಡಿ ನನಗೆ ಸಂಕಟವಾಗುತ್ತದೆ.

ಕೊನೆಗೆ, ಸೇರಿದ ಮೇಲೆ ಸರಿಹೋಗಲಿಲ್ಲ ಅಂದರೆ ಏನು ಮಾಡೋದು? ಮೂರು ತಿಂಗಳು ಕೊಡಿ. ಅಷ್ಟರಲ್ಲಿ ನಾಲ್ಕೈದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತಡವರಿಸದೆ ಬದಲಾಯಿಸೋಕೆ, ಒಂದು ಸಣ್ಣ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಸ್ವರದ ಸಾಲು) ಅಕ್ಕಪಕ್ಕದ ತಂತಿ ಅದುರದೆ ನುಡಿಸೋಕೆ ಬರಬೇಕು. ದಿನಾ ಕೂತು ಅಭ್ಯಾಸ ಮಾಡಿಯೂ ಬರದಿದ್ದರೆ ಮೇಷ್ಟ್ರನ್ನು ಬದಲಾಯಿಸಿ. ನಮ್ಮ ಕಡೆ ಗುರುಗಳನ್ನು ಬಿಡೋಕೆ ಮುಜುಗರ, ಅದಕ್ಕೇ ಎಷ್ಟೋ ಜನ ಹೇಳದೆ ಕೇಳದೆ ಕ್ಲಾಸಿಗೆ ಹೋಗೋದು ನಿಲ್ಲಿಸಿ, ಗಿಟಾರನ್ನೂ ಬೀರುವಿನ ಮೇಲೆ ಇಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ತಿಂಗಳ ಫೀಸು ಕೊಟ್ಟು, ಎದುರಿಗೆ ಹೋಗಿ "ಸರ್, ನಾನು ಲೀಡ್ (ಒಂದೊಂದೇ ಸ್ವರದ ರಾಗದ ಭಾಗ) ನುಡಿಸೋದು ಕಲೀಬೇಕು, ನಿಮಗೆ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ" ಅಂತ ಕೇಳಿ. ಊರಿನಲ್ಲಿ ಎಲೆಕ್ಟ್ರಿಕ್ ನುಡಿಸುವವರೆಲ್ಲಾ ಒಬ್ಬರಿಗೊಬ್ಬರು ಗೊತ್ತು, ಹೆಚ್ಚಿನ ಸಲ ಅವರೇ ಫೋನ್ ನಂಬರ್ ಕೊಟ್ಟು ಕಳಿಸುತ್ತಾರೆ.