ಹಳೇ ಸಿಲ್ಲಿ ಲಲ್ಲಿಯನ್ನೇ ಯಾಕೆ ನೋಡ್ತೀರಾ?

"ಅತ್ತೆ, ಎಷ್ಟು ಸಲ ಅಂತ ಅದನ್ನೇ ನೋಡ್ತೀರಾ? ಈಗಿನ ಕಾಮಿಡಿ ಶೋ ನೋಡಿದ್ರೆ ನಿಮಗೆ ನಗು ಬರಲ್ವಾ?" ಅಣ್ಣನ ಮಗಳು ಮನೆಗೆ ಬಂದಾಗಲೆಲ್ಲ ಇದನ್ನೇ ಕೇಳುತ್ತಾಳೆ. ಆಫೀಸಿನಲ್ಲಿ ಊಟದ ಹೊತ್ತಿಗೂ ಇದೇ ಪ್ರಶ್ನೆ. ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಬಿಟ್ಟಿದ್ದೇನೆ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ನನಗೆ ಪರಿಚಯದವರನ್ನು ನೋಡಿದರೆ ನಗು ಬರುತ್ತದೆ. ಅಷ್ಟೇ ವಿಷಯ.

ಈಟಿವಿ ಕನ್ನಡದಲ್ಲಿ ವಿಜಯಪ್ರಸಾದ್ ನಿರ್ದೇಶನದ ಹಾಸ್ಯ ಧಾರಾವಾಹಿ ಸಿಲ್ಲಿ ಲಲ್ಲಿ ಬರುತ್ತಿದ್ದ ಕಾಲದಲ್ಲಿ ನಾವು ಬೆಂಗಳೂರಿನ ಹನುಮಂತನಗರದಲ್ಲಿದ್ದೆವು. ಅವರೆಕಾಯಿ ಕಾಲ ಬಂದರೆ ಅಮ್ಮ ಟಿವಿ ಮುಂದೆ ಪೇಪರ್ ಹಾಸಿಕೊಂಡು, ನೆನೆಸಿದ ಕಾಳನ್ನು ಹಿತುಕುತ್ತಾ ಕೂರುತ್ತಿದ್ದಳು. ರವಿಶಂಕರ್ ಗೌಡ ಮಾಡಿದ ಡಾಕ್ಟರ್ ವಿಠಲ್ ರಾವ್ ಬಂದು ತನ್ನ ಹೆಸರು ಹೇಳಬೇಕು, ಅದರ ಹಿಂದೆ ಇಂಗ್ಲಿಷ್ ಪದಗಳನ್ನು ರೈಲಿನ ಡಬ್ಬಿಗಳ ಹಾಗೆ ಜೋಡಿಸುತ್ತಾ ಹೋಗಬೇಕು. ಮುಂದಿನ ಪದ ಯಾವುದು ಅಂತ ಅಮ್ಮನಿಗೆ ಗೊತ್ತು. ಅವನ ಜೊತೆಗೇ ಹೇಳುತ್ತಿದ್ದಳು. ಹೇಳಿ ಮುಗಿಯುವಷ್ಟರಲ್ಲಿ ನಗು ತಡೆಯಲಾಗದೆ ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ ಹಾರುತ್ತಿತ್ತು. ಮೊದಲ ಸಲ ಕೇಳಿದಾಗ ಅಷ್ಟು ನಕ್ಕಿರಲಿಲ್ಲ. ಇಪ್ಪತ್ತನೇ ಸಲಕ್ಕೆ ಜಾಸ್ತಿ ನಕ್ಕಳು. ಅಷ್ಟು ಹೊತ್ತಿಗೆ ಆ ಮನುಷ್ಯನ ಪರಿಚಯ ಆಗಿತ್ತು.

ಮಂಜುಭಾಷಿಣಿ ಮಾಡಿದ ಲಲಿತಾಂಬ ಇನ್ನೂ ಹತ್ತಿರದವಳು. ಸಮಾಜ ಸೇವಕಿ ಅಂತ ಹೇಳಿಕೊಳ್ಳುವುದರಲ್ಲೇ ಅರ್ಧ ದಿನ ಕಳೆಯುವ ಹೆಂಗಸು. ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಬ್ಬರಾದರೂ ಇಂಥವರು ಇರುತ್ತಾರೆ. ನಮ್ಮ ರಸ್ತೆಯಲ್ಲಿ ಇಬ್ಬರಿದ್ದರು. ಇದನ್ನೇ ನಾನು ವಿಡಂಬನೆ ಅನ್ನುವುದು. ಆಕೆಯ ಬಣ್ಣಕ್ಕಾಗಲಿ ಗಾತ್ರಕ್ಕಾಗಲಿ ಅಲ್ಲ, ಆಕೆ ತನ್ನ ಬಗ್ಗೆ ಇಟ್ಟುಕೊಂಡ ಭ್ರಮೆಗೆ ನಾವು ನಗುತ್ತಿದ್ದೆವು.

ಈಗಿನ ಕಾಮಿಡಿ ಶೋಗಳ ಹತ್ತು ನಿಮಿಷದ ಸ್ಕಿಟ್‌ನಲ್ಲಿ ಇಷ್ಟು ಪರಿಚಯಕ್ಕೆ ಸಮಯ ಎಲ್ಲಿದೆ? ಬಂದವನು ಯಾರು ಅಂತ ಗೊತ್ತಾಗುವ ಮೊದಲೇ ಜನ ನಗಬೇಕು. ಆಗ ಸುಲಭಕ್ಕೆ ಸಿಗುವುದು ಮೈ. ದಪ್ಪ, ಕುಳ್ಳು, ಕಪ್ಪು, ಬೊಕ್ಕತಲೆ. ಗಂಡಸಿಗೆ ಸೀರೆ ಉಡಿಸಿ ಕಳಿಸಿದರೆ ಎರಡು ನಿಮಿಷ ಕಳೆಯಿತು. ಅದರ ಮೇಲೆ ಕ್ಯಾಮೆರಾ ಪದೇ ಪದೇ ತೀರ್ಪುಗಾರರ ಕಡೆ ತಿರುಗುತ್ತದೆ. ಅವರು ಬಿದ್ದು ಬಿದ್ದು ನಗುತ್ತಿರುತ್ತಾರೆ. ನಗಬೇಕೋ ಬೇಡವೋ ಅಂತ ನನ್ನ ಪಾಡಿಗೆ ನನ್ನನ್ನು ಬಿಡಿ.

ಒಂದು ಭಾನುವಾರ ನೆಂಟರ ಮನೆಯಲ್ಲಿ ಎಲ್ಲರೂ ಕೂತು ಇಂಥ ಒಂದು ಶೋ ನೋಡುತ್ತಿದ್ದೆವು. ಹೆಣ್ಣು ನೋಡಲು ಬಂದವರು ಹುಡುಗಿಯ ಬಣ್ಣ ನೋಡಿ ಓಡಿಹೋಗುವ ಸ್ಕಿಟ್. ಕರೆಂಟ್ ಹೋಯ್ತಾ ಅಂತ ಒಬ್ಬ ಕೇಳಿದ. ಎಲ್ಲರೂ ನಕ್ಕರು. ಆ ಮನೆಯ ಒಂಬತ್ತು ವರ್ಷದ ಮಗುವೂ ನಕ್ಕಿತು. ಅವಳದ್ದು ಎಣ್ಣೆಗಪ್ಪು ಬಣ್ಣ, ಚೆಂದದ ಮುಖ. ಮೂರನೇ ಜೋಕಿಗೆ ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಶೋ ಮುಗಿಯುವ ತನಕ ಆಚೆ ಬರಲಿಲ್ಲ. ಅವತ್ತಿನಿಂದ ಈ ಬಗೆಯ ಜೋಕು ಬಂದರೆ ನನ್ನ ಕೈ ರಿಮೋಟಿಗೆ ಹೋಗುತ್ತದೆ.

ಹಾಗಂತ ಹೊಸದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2016ರಲ್ಲಿ ಜೀ ಕನ್ನಡದಲ್ಲಿ ಕಾಮಿಡಿ ಕಿಲಾಡಿಗಳು ಶುರುವಾದಾಗ ನಾನು ತಪ್ಪದೆ ನೋಡಿದೆ. ಮೊದಲ ಸೀಸನ್ ಗೆದ್ದ ಶಿವರಾಜ್ ಕೆ.ಆರ್. ಪೇಟೆ ಬಾಯಿ ತೆರೆದರೆ ಮಂಡ್ಯದ ಮಾತು ಹಾಗೇ ಬರುತ್ತಿತ್ತು. ಊರೂರಿನ ಕನ್ನಡ ಟಿವಿಗೆ ಬಂದದ್ದು ಸಣ್ಣ ವಿಷಯ ಅಲ್ಲ. ಮಜಾ ಟಾಕೀಸ್‌ನಲ್ಲಿ ಅಪರ್ಣಾ ಅವರನ್ನು ಮರೆಯೋಕಾಗುತ್ತಾ? ಅಷ್ಟು ವರ್ಷ ಅಚ್ಚ ಕನ್ನಡದಲ್ಲಿ ನಿರೂಪಣೆ ಮಾಡಿದವರು "ಒನ್ ಅಂಡ್ ಓನ್ಲಿ ವರಲಕ್ಷ್ಮಿ" ಅಂತ ಬಿಂಕದಿಂದ ಬಂದು ನಿಂತರೆ ಅದೇ ದೊಡ್ಡ ತಮಾಷೆ. 2024ರ ಜುಲೈನಲ್ಲಿ ಅವರು ತೀರಿಕೊಂಡರು. ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಅವರದೇ ದನಿ ಕೇಳಿದಾಗ ಈಗಲೂ ಒಂದು ಕ್ಷಣ ಫೋನಿನಿಂದ ತಲೆ ಎತ್ತುತ್ತೇನೆ.

ನನ್ನ ದೊಡ್ಡ ಕೊರಗು ಬೇರೆ. ಅಧಿಕಾರದಲ್ಲಿರುವ ದೊಡ್ಡವರನ್ನು ಪ್ರಶ್ನೆ ಮಾಡುವ ನಗು ನಮ್ಮ ಟಿವಿಯಲ್ಲಿ ತೀರಾ ಕಡಿಮೆ. ಕನ್ನಡಕ್ಕೆ ಇದೇನು ಹೊಸದಲ್ಲ, ಅಲ್ವಾ? ಲಂಚಾವತಾರ ಆಡುತ್ತಾ ಮಾಸ್ಟರ್ ಹಿರಣ್ಣಯ್ಯ ಅವತ್ತಿನ ಪೇಪರ್ ಸುದ್ದಿಯನ್ನೇ ಮಾತಿಗೆ ಸೇರಿಸಿ ಮಂತ್ರಿ, ಅಧಿಕಾರಿ ಎಲ್ಲರನ್ನೂ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅಪ್ಪ ಆ ನಾಟಕ ನೋಡಿಬಂದ ರಾತ್ರಿ ಊಟಕ್ಕೆ ಕೂತರೂ ನಗುತ್ತಲೇ ಇರುತ್ತಿದ್ದರು. "ಟಿವಿಯಲ್ಲಿ ಹಾಗೆಲ್ಲ ಮಾಡೋಕಾಗಲ್ಲ ಮೇಡಂ" ಅಂತ ಕೆಲವರು ಹೇಳುತ್ತಾರೆ. 1989ರಲ್ಲಿ ಜಸ್ಪಾಲ್ ಭಟ್ಟಿ ದೂರದರ್ಶನದಲ್ಲೇ ಫ್ಲಾಪ್ ಶೋ ಅನ್ನುವ ಹಿಂದಿ ಹಾಸ್ಯ ಧಾರಾವಾಹಿ ಮಾಡಿದರು. ಸರ್ಕಾರದ್ದೇ ಚಾನೆಲ್, ಬರೀ ಹತ್ತು ಕಂತು. ಕಂಟ್ರಾಕ್ಟರು, ಟೆಲಿಫೋನು, ಸುಳ್ಳು ಮೆಡಿಕಲ್ ಬಿಲ್ಲು, ಯಾವುದನ್ನೂ ಬಿಡಲಿಲ್ಲ.

ಈ ಊರಿನಲ್ಲಿ ಕಥೆಗೆ ಬರವಾ? ಒಂದು ಪಾಲಿಕೆ ಇದ್ದದ್ದು ಐದಾಯಿತು. ಆಸ್ತಿಯ ಡಿಜಿಟಲ್ ದಾಖಲೆ ಇ-ಖಾತಾ ಅಂದರೆ ಪ್ರತಿ ಮನೆಯಲ್ಲೂ ಒಂದು ಪುರಾಣ ಇದೆ. ಅಪಾರ್ಟ್‌ಮೆಂಟ್ ಸಂಘದ ಚುನಾವಣೆ, ಟ್ಯಾಂಕರ್ ನೀರಿನ ಲೆಕ್ಕ, ಮುಚ್ಚಿದ ವಾರಕ್ಕೇ ಮತ್ತೆ ಬಾಯಿಬಿಡುವ ರಸ್ತೆ ಗುಂಡಿ. ಇದರ ಮಧ್ಯೆ ಒಬ್ಬ ಗುಮಾಸ್ತನನ್ನು ತಂದು ಕೂರಿಸಿ. ಅವನಿಗೆ ಒಂದು ಮೇಜು, ಹಳೇ ಫ್ಯಾನು, ಊಟದ ಡಬ್ಬಿ ಕೊಡಿ. ಪೂರ್ತಿ ಕೆಟ್ಟವನೂ ಬೇಡ, ಪೂರ್ತಿ ಒಳ್ಳೆಯವನೂ ಬೇಡ. ದಿನಾ ಅರ್ಧ ಗಂಟೆ ಅವನ ಎದುರು ಯಾರಾದರೂ ಅರ್ಜಿ ಹಿಡಿದು ಬಂದು ನಿಲ್ಲಲಿ. ಮೊದಲ ವಾರ ನಗು ಬರದಿದ್ದರೂ ಪರವಾಗಿಲ್ಲ. ಆ ಗುಮಾಸ್ತನನ್ನು ನಾನು ನಾಲ್ಕು ವರ್ಷ ನೋಡುವುದಕ್ಕೆ ತಯಾರಿದ್ದೇನೆ.