ಹೊಲ ಅಲ್ಲೇ, ಪಹಣಿ ಹೊಸದು

‘ಪಿಜಿ_ಅಪ್‌ಗ್ರೇಡನ್ನು ಅಷ್ಟು ಧೈರ್ಯವಾಗಿ ಹೇಗೆ ಓಡಿಸುತ್ತೀರಿ? ಡಂಪ್ ತೆಗೆದು ಮತ್ತೆ ತುಂಬಿಸುವುದೇ ಕ್ಷೇಮವಲ್ಲವೇ?’ ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ನನ್ನನ್ನು ಕೇಳುವುದು ಇದನ್ನೇ. ಪಿಜಿ_ಅಪ್‌ಗ್ರೇಡ್ ಎಂದರೆ ಆ ಡೇಟಾಬೇಸನ್ನು ಹಳೆಯ ಆವೃತ್ತಿಯಿಂದ ಹೊಸದಕ್ಕೆ ಏರಿಸುವ ಸಾಧನ; ಡಂಪ್ ಎಂದರೆ ದತ್ತಾಂಶವನ್ನೆಲ್ಲ ಕಡತಕ್ಕೆ ಬರೆದು ತೆಗೆಯುವುದು.

ಅನುಮಾನ ಹುಟ್ಟಿಸುವುದೇ ಅದರ ವೇಗ. ಡಂಪ್‌ಗೆ ಇಡೀ ರಾತ್ರಿ ಬೇಡುವ ಡೇಟಾಬೇಸನ್ನು ಕಡತಗಳನ್ನು ನಕಲಿಸದೆ ಹಳೆಯದು, ಹೊಸದು ಎರಡೂ ಹಂಚಿಕೊಳ್ಳುವ ಲಿಂಕ್ ವಿಧಾನದಲ್ಲಿ ಇದು ಕೆಲವೇ ನಿಮಿಷಗಳಲ್ಲಿ ಹೊಸ ಆವೃತ್ತಿಗೆ ಏರಿಸಿಬಿಡುತ್ತದೆ. ಹೊಲ ಇದ್ದಲ್ಲೇ ಇರುತ್ತದೆ, ಪಹಣಿಯನ್ನಷ್ಟೇ ಹೊಸದಾಗಿ ಬರೆಯುತ್ತಾರೆ ಎಂದು ನಾನು ಹೇಳುತ್ತೇನೆ. ಆವೃತ್ತಿ ಬದಲಾದಾಗ ಯಾವ ಟೇಬಲ್ ಎಲ್ಲಿದೆ, ಹೇಗಿದೆ ಎಂದು ಬರೆದಿಡುವ ಸಿಸ್ಟಮ್ ಕ್ಯಾಟಲಾಗ್ ಬದಲಾಗುತ್ತದೆ. ನಮ್ಮ ಟೇಬಲ್‌ಗಳ ಕಡತಗಳ ರೂಪ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ.

ಇದು ತಿಳಿದ ಮೇಲೂ ನನಗೆ ನಂಬಿಕೆ ಬಂದಿರಲಿಲ್ಲ. 2009ರಲ್ಲಿ ಪಿಜಿ_ಮೈಗ್ರೇಟರ್ ಎಂಬ ಹೆಸರಿನಲ್ಲಿದ್ದ ಈ ಸಾಧನ 2010ರ 9.0 ಆವೃತ್ತಿಯೊಡನೆ ಸೇರಿಕೊಂಡಿತು. ಮರುವರ್ಷವೇ ಗಂಭೀರ ದೋಷವೊಂದು ಬಯಲಾಯಿತು: ತುಂಬ ದೊಡ್ಡ ಮೌಲ್ಯಗಳನ್ನು ಬೇರೆಯಾಗಿ ಇಡುವ ಟೋಸ್ಟ್ ಟೇಬಲ್‌ಗಳ ವಹಿವಾಟಿನ (ಟ್ರಾನ್ಸಾಕ್ಷನ್) ಲೆಕ್ಕ ಸರಿಯಾಗಿ ದಾಟಿ ಬರುತ್ತಿರಲಿಲ್ಲ. ಅಪ್‌ಗ್ರೇಡ್ ಸುಸೂತ್ರವಾಗಿ ಮುಗಿದಂತೆ ಕಂಡು, ಎಷ್ಟೋ ದಿನಗಳ ಬಳಿಕ ದತ್ತಾಂಶ ಓದಲು ಹೋದಾಗ ಪೆಟ್ಟು ಬೀಳಬಹುದಿತ್ತು. ತಯಾರಕರು ಅದನ್ನು ಮುಚ್ಚಿಡಲಿಲ್ಲ. ಆಗಲೇ ಅಪ್‌ಗ್ರೇಡ್ ಮಾಡಿಕೊಂಡಿದ್ದವರಿಗೆ ದುರಸ್ತಿಯ ಸ್ಕ್ರಿಪ್ಟ್ ಕೊಟ್ಟು, 9.0.4ರಲ್ಲಿ ದೋಷ ತಿದ್ದಿದರು. ದೋಷವೇ ಇಲ್ಲವೆನ್ನುವ ಸಾಧನಕ್ಕಿಂತ ನನಗೆ ಇದೇ ಮೇಲು.

ಇನ್ನೊಂದು, ಈ ಸಾಧನ ‘ಬೇಡ’ ಎನ್ನಲು ಹಿಂಜರಿಯುವುದಿಲ್ಲ. ಹಳೆಯ ಸರ್ವರ್ ಓಡುತ್ತಿರುವಾಗಲೇ ಪರೀಕ್ಷೆಯನ್ನಷ್ಟೇ ಮಾಡುವ ಚೆಕ್ ಆಯ್ಕೆಯೊಂದಿಗೆ ಓಡಿಸಿ ನೋಡಬಹುದು. ಹೊಸ ಕಡೆ ಯಾವುದಾದರೂ ಎಕ್ಸ್‌ಟೆನ್ಶನ್‌ನ (ಹೆಚ್ಚುವರಿ ಸೌಲಭ್ಯದ) ಲೈಬ್ರರಿ ಇಲ್ಲದಿದ್ದರೆ ಅದನ್ನು ಪಟ್ಟಿ ಮಾಡಿ ಕಡತದಲ್ಲಿಟ್ಟು ನಿಂತುಬಿಡುತ್ತದೆ. ಒಂದಕ್ಷರವೂ ಬದಲಾಗಿರುವುದಿಲ್ಲ.

ಲಿಂಕ್ ವಿಧಾನದಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಒಂದೇ ಹೊಲಕ್ಕೆ ಎರಡು ಪಹಣಿ. ಹೊಸ ಸರ್ವರ್ ಒಮ್ಮೆ ಶುರುವಾದರೆ ಹಳೆಯದನ್ನು ಮತ್ತೆ ಓಡಿಸುವಂತಿಲ್ಲ. ಬ್ಯಾಕಪ್ ಒಂದೇ ದಾರಿ. ಹೊಸಬರಿಗೆ ನಾನು ಮೊದಲು ಕಡತಗಳನ್ನೆಲ್ಲ ನಕಲಿಸುವ ಕಾಪಿ ವಿಧಾನವನ್ನೇ ಹೇಳುತ್ತೇನೆ. ಡಿಸ್ಕ್ ಹೆಚ್ಚು ಬೇಕು, ಹೊತ್ತೂ ಹಿಡಿಯುತ್ತದೆ, ಆದರೆ ಹಳೆಯದು ಮುಕ್ಕಾಗದೆ ಉಳಿಯುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ.

ನಾನು ಎಡವಿದ್ದು ಬೇರೆಲ್ಲೋ. ಒಮ್ಮೆ ಅಪ್‌ಗ್ರೇಡ್ ಚೆನ್ನಾಗಿ ಮುಗಿಸಿ ಮನೆಗೆ ಹೋದೆ. ಬೆಳಿಗ್ಗೆ ಕಚೇರಿಯಲ್ಲಿ ಒಂದು ವರದಿಯೂ ತೆರೆಯುತ್ತಿಲ್ಲ. ಕ್ವೆರಿಗೆ (ಮಾಹಿತಿಯ ಕೋರಿಕೆಗೆ) ಉತ್ತರ ಹುಡುಕುವ ದಾರಿ ಆರಿಸಲು ಬೇಕಾದ ಅಂಕಿಅಂಶಗಳನ್ನು ಸಾಧನ ಆಗ ಹೊತ್ತು ತರುತ್ತಿರಲಿಲ್ಲ. ಅವನ್ನು ಹೊಸದಾಗಿ ಕಲೆಹಾಕುವ ಅನಲೈಸ್ ಆಜ್ಞೆಯನ್ನು ಓಡಿಸಬೇಕೆಂದು ಕೊನೆಯಲ್ಲಿ ಅದು ಹೇಳಿತ್ತು, ನಾನು ಓದಿರಲಿಲ್ಲ. ಬೈಗುಳ ಮಾತ್ರ ಸಾಧನಕ್ಕೆ ಬಿತ್ತು. 2025ರ 18ನೇ ಆವೃತ್ತಿಯಿಂದ ಬಹುಪಾಲು ಅಂಕಿಅಂಶಗಳು ಜೊತೆಗೇ ಬರುತ್ತವೆ, ಹಲವು ಕಾಲಂಗಳ ನಂಟನ್ನು ಹೇಳುವ ಎಕ್ಸ್‌ಟೆಂಡೆಡ್ ಎನ್ನುವ ಬಗೆಯವು ಬರುವುದಿಲ್ಲ. ಹಾಗಾಗಿ ಅನಲೈಸ್ ನನ್ನ ಚೀಟಿಯಲ್ಲಿ ಇನ್ನೂ ಇದೆ, ಕೆಂಪು ಶಾಯಿಯಲ್ಲಿ.